‘ದೀಪಸ್ತಂಭದ ಮಗಳು’: ಟಿಕೆಟ್ ದಂಡ

ಜನವರಿ ೯

ಅಕ್ಕಾ,

ನಿನ್ನ ಹೊಸ ಮೊಣಕಾಲು ಹಳೆಯ ನಿನ್ನ ಜೊತೆ ಹೊಂದಿಕೊಂಡು ಬಾಳುತ್ತಿದೆ ಎಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಹಲ್ಲುಗಳು ಮಾತ್ರ ಒಂದೊಂದಾಗಿ ನಿವೃತ್ತಿ ತೆಗೆದುಕೊಳ್ಳುತ್ತಿವೆ.

ಇಲ್ಲಿಗೆ ಆರೋಗ್ಯದ ಸುದ್ದಿ ಮುಗಿಯಿತು. ಇಷ್ಟು ವರ್ಷಗಳಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಹವಾಮಾನ ವರದಿಯನ್ನೇ ಬರೆದುಕೊಂಡು ಬಂದಿದ್ದೇವೆ. ಈ ಸಲ ಮೋಡ, ಬಿಸಿಲು ಯಾವುದೂ ಇಲ್ಲ. ಸುದ್ದಿ ಇದೆ. ನಾವು ಬೆಳೆದ ಬೀದಿಯ ತುದಿಯ ಥಿಯೇಟರಿಗೆ ನೂರು ವರ್ಷ ತುಂಬಿತು. ಆ ಸಂಭ್ರಮಕ್ಕೆ ಮೂರು ಹಳೆಯ ಸಂಗೀತ ನಾಟಕಗಳನ್ನು ಮತ್ತೆ ಆಡಿಸುತ್ತಾರಂತೆ. ಫೆಬ್ರವರಿಯಿಂದ ಮೇವರೆಗೆ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ, ಸರದಿಯ ಮೇಲೆ: ‘ಮೂರು ಛತ್ರಿ’, ‘ಬೇಕರಿ ರಾಣಿ’, ‘ದೀಪಸ್ತಂಭದ ಮಗಳು’.

ಮೂರನ್ನೂ ನೋಡಿದ್ದೇವಲ್ಲ ಅನ್ನುತ್ತೀಯ. ನೋಡಿದ್ದೇವೆ, ಅರ್ಧರ್ಧ. ಟಿಕೆಟ್ ಇಲ್ಲದ ನಾವು ಮಧ್ಯಂತರದಲ್ಲಿ ಜನ ಗಾಳಿಗೆಂದು ಹೊರಗೆ ಬಂದಾಗ ಅವರ ನಡುವೆ ಸೇರಿ, ಅವರ ಜೊತೆಗೇ ಒಳಗೆ ಹೋಗುತ್ತಿದ್ದೆವು. ‘ಬೇಜಾರಾದವಳ ಹಾಗೆ ನಡಿಯೇ’ ಎಂದು ನೀನು ನನ್ನ ಬೆನ್ನಿಗೆ ತಿವಿಯುತ್ತಿದ್ದೆ. ‘ದುಡ್ಡು ಕೊಟ್ಟವರ ಮುಖದಲ್ಲಿ ಮಾತ್ರ ಬೇಜಾರು ಇರುತ್ತೆ.’ ಹಾಗೆ ನಾನು ಐದು ವರ್ಷದಲ್ಲಿ ಮೂವತ್ತೊಂದು ನಾಟಕಗಳ ಎರಡನೇ ಅರ್ಧ ನೋಡಿದೆ. ಮೊದಲರ್ಧಗಳನ್ನು ಮನೆಗೆ ನಡೆದು ಬರುವಾಗ ನೀನು ಹೇಳುತ್ತಿದ್ದೆ, ನೀನೂ ನೋಡಿರದಿದ್ದರೂ.

ನಿನ್ನ ಡಾಕ್ಟರು ಬೇಸಿಗೆ ಮುಗಿಯುವುದರೊಳಗೆ ಒಂದೇ ಒಂದು ಬಸ್ ಪ್ರಯಾಣಕ್ಕೆ ಒಪ್ಪಿದ್ದಾರೆಂದು ಭಾವ ಬರೆದಿದ್ದರು. ಆ ಒಂದನ್ನು ನನಗೆ ಕೊಡು. ಮುಂಬಾಗಿಲಿನಿಂದ, ಟಿಕೆಟ್ ತೋರಿಸಿ, ಮೊದಲ ಗಂಟೆಗೇ ಹೋಗಿ ಕೂರೋಣ. ಮೂರರಲ್ಲಿ ಯಾವುದಕ್ಕೆ ತೆಗೆಸಲಿ? ಈ ವಿಷಯದಲ್ಲಿ ನೀನು ಹೇಳಿದ್ದೇ ಕೊನೆ.

ಉತ್ತರಕ್ಕೆ ಕಾದಿರುವ,
ಗುಂಡುಸೂಜಿ


ಜನವರಿ ೧೯ (ಅಂಚೆಗೆ ಹಾಕದ್ದು)

ಗುಂಡುಸೂಜಿ,

ನೀನು ಬರೆದ ಮೂರು ಹೆಸರಲ್ಲಿ ಮೂರನೆಯದನ್ನು ಓದುವಷ್ಟರಲ್ಲಿ ನನ್ನ ಚಹಾ ತಣ್ಣಗಾಯಿತು.

ನಿನಗೆ ಹತ್ತೊಂಬತ್ತು, ನನಗೆ ಇಪ್ಪತ್ತಮೂರು. ಆ ವರ್ಷ ಬಂದ ನಾಟಕ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನೊಬ್ಬನಿದ್ದ. ನಾವು ಮಧ್ಯಂತರದಲ್ಲಿ ನುಸುಳುವುದನ್ನು ನೋಡಿಯೂ ಯಾರಿಗೂ ಹೇಳದೆ, ನಿನ್ನನ್ನು ಕಂಡು ಒಂದು ಸ್ವರ ಹೆಚ್ಚಿಗೆ ಊದುತ್ತಿದ್ದ. ಮೂರು ತಿಂಗಳು ನೀವಿಬ್ಬರೂ ಥಿಯೇಟರಿನ ಪಕ್ಕದ ಮೆಟ್ಟಿಲನ್ನು ಸವೆಸಿದಿರಿ. ಆಮೇಲೆ ‘ಕಾಗದ ಬರೀತೀನಿ’ ಎಂದು ಹೇಳಿ ಕಂಪನಿಯ ಜೊತೆ ಹೋದ. ಬರೆಯಲಿಲ್ಲ.

ಮುಂದಿನ ಕಂಪನಿ ‘ದೀಪಸ್ತಂಭದ ಮಗಳು’ ತಂದಿತು. ನಾವು ನೋಡಿದ ಅರ್ಧದಲ್ಲಿ, ಏಳು ವರ್ಷ ಸುದ್ದಿಯಿಲ್ಲದಿದ್ದ ನಾವಿಕ ಮರಳಿ ಬರುತ್ತಾನೆ. ದೀಪಸ್ತಂಭ ಕಾಯುವವನ ಮಗಳು ಒಂದು ಮಾತೂ ಕೇಳದೆ ಬಾಗಿಲು ತೆಗೆಯುತ್ತಾಳೆ. ಮನೆಗೆ ನಡೆಯುವಾಗ ನೀನು ಕೇಳಿದೆ: ‘ಅಕ್ಕಾ, ಅವನು ಯಾಕೆ ಕಾಗದ ಬರೀಲಿಲ್ಲ?’ ಯಾರ ವಿಷಯ ಕೇಳುತ್ತಿದ್ದೀಯೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ‘ಬರೆದಿದ್ದ ಕಣೇ, ವಾರವಾರ ಬರೆದಿದ್ದ. ಅಂಚೆ ಚೀಲ ದಾರಿತಪ್ಪಿ ಯಾವುದೋ ಊರಿನ ಮೂಲೇಲಿ ಬಿದ್ದಿತ್ತು. ಅದೇ ಮೊದಲರ್ಧ’ ಅಂದೆ. ನೀನು ಅವತ್ತು ರಾತ್ರಿ ಹೊಟ್ಟೆತುಂಬ ಊಟ ಮಾಡಿದೆ. ನನಗೆ ಅಷ್ಟೇ ಬೇಕಿತ್ತು.

ಮರುವರ್ಷ ನೀನು ಅಂಚೆ ಕಚೇರಿಯ ವಿಂಗಡಣೆ ಕೆಲಸಕ್ಕೆ ಅರ್ಜಿ ಹಾಕಿದೆ.

ಮದುವೆಯಾದ ಎರಡನೇ ವರ್ಷ ನಿನ್ನ ಭಾವ ಟಿಕೆಟ್ ತೆಗೆಸಿ ನನ್ನನ್ನು ಇಲ್ಲಿಯ ಥಿಯೇಟರಿಗೆ ಕರೆದುಕೊಂಡು ಹೋದರು. ಅದೇ ನಾಟಕ, ಪೂರ್ತಿ. ಮೊದಲರ್ಧದಲ್ಲಿ ಅಂಚೆ ಚೀಲವೂ ಇಲ್ಲ, ಮಣ್ಣೂ ಇಲ್ಲ. ನಾವಿಕನಿಗೆ ಊರು ಬೇಜಾರಾಗುತ್ತದೆ, ಅಷ್ಟೇ. ‘ಬೇಜಾರು, ಬೇಜಾರು’ ಎಂದು ನಾಲ್ಕು ನಿಮಿಷ ಹಾಡಿ, ಹನ್ನೆರಡು ಜನರ ಜೊತೆ ಕುಣಿದು, ಹಡಗು ಹತ್ತುತ್ತಾನೆ. ನಾನು ಕಲ್ಲಾಗಿ ಕೂತೆ. ಹಾಡಿಗೆ ಮನಸೋತಿದ್ದಾಳೆಂದು ನಿನ್ನ ಭಾವ ಕರವಸ್ತ್ರ ಕೊಟ್ಟರು.

ಅಷ್ಟು ಹೊತ್ತಿಗೆ ನೀನು ನಾಲ್ಕು ಸಂಬಂಧ ತಿರುಗಿಸಿ ಕಳಿಸಿದ್ದೆ. ಆಮೇಲೆ ಇನ್ನೂ ಐದು. ಪ್ರತಿ ಸಲವೂ ಅಮ್ಮ ನನಗೆ ಒಂದೇ ಸಾಲು ಬರೆಯುತ್ತಿದ್ದಳು: ‘ಅವಳು ಕಾಯ್ತಾಳಂತೆ.’ ನಿಜ ಹೇಳಿಬಿಡಬೇಕಿತ್ತು. ಹೇಳದೆ ಮೋಡದ ಬಗ್ಗೆ ಬರೆದೆ.

ಈಗ ನೀನು ಮುಂಬಾಗಿಲಿನಿಂದ ಹೋಗಿ ಆ ಹಾಡು ಕೇಳಿದರೆ, ನಿನ್ನ ಇಡೀ ಬಾಳಿಗೆ ನಾನು ಹಾಕಿದ ಹೊಲಿಗೆ ಎಲ್ಲಿಂದ ಬಿಚ್ಚಿಕೊಳ್ಳುತ್ತದೆಂದು ನನಗೆ ಗೊತ್ತು. ಇದನ್ನು ಅಂಚೆಗೆ ಹಾಕುವ ಎದೆ ನನಗಿಲ್ಲ. ಗುಂಡಿಗಳ ಡಬ್ಬಿಯ ಕೆಳಗಿಡುತ್ತೇನೆ. ನಾಳೆ ಬೇರೆ ಬರೆಯುತ್ತೇನೆ, ಗಂಭೀರವಾಗಿ.

ಅಕ್ಕ


ಜನವರಿ ೨೦

ಪ್ರೀತಿಯ ಗುಂಡುಸೂಜಿ,

ತೆಳ್ಳಗಿನ ಮೈ, ದುಂಡು ತಲೆ, ಮುಟ್ಟಿದರೆ ಚುಚ್ಚುತ್ತೀಯ ಎಂದು ನಾನಿಟ್ಟ ಹೆಸರಿಗೆ ಅರವತ್ತೇಳರಲ್ಲೂ ಮೋಸ ಮಾಡದ ನಿನ್ನನ್ನು ಮೆಚ್ಚಿದೆ.

ಸಂಗೀತ ನಾಟಕಕ್ಕೆ ಟಿಕೆಟ್ ತೆಗೆಸುವುದು ಹುಡುಗಾಟವಲ್ಲ. ಊರವರ ಬಟ್ಟೆಯನ್ನೆಲ್ಲ ಹೊಲಿದ ಅನುಭವದಿಂದ ಹೇಳುತ್ತೇನೆ, ಕೋಟನ್ನು ಹೊರಗಿನಿಂದ ನೋಡಿ ಕೊಳ್ಳುವವನು ಪೆದ್ದ. ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಬೇಕು. ನಾಟಕದ ಹೊಲಿಗೆ ಎಲ್ಲಿರುತ್ತದೆ ಗೊತ್ತೇನು? ಮಾತು ನಿಂತು ಹಾಡು ಶುರುವಾಗುವ ಜಾಗದಲ್ಲಿ. ‘ಸ್ವಲ್ಪ ಉಪ್ಪು ಕೊಡಿ’ ಎಂದವಳು ಇದ್ದಕ್ಕಿದ್ದಂತೆ ಉಪ್ಪಿನ ಮೇಲೆ ಹಾಡತೊಡಗಿದಾಗ ನಿನಗೆ ನಗು ಬಂದರೆ ಹೊಲಿಗೆ ಬಿಟ್ಟಿದೆ. ನಗು ಬರುವ ಬದಲು ನಿನಗೂ ಉಪ್ಪು ಬೇಕೆನಿಸಿದರೆ ಕಣ್ಣುಮುಚ್ಚಿ ಟಿಕೆಟ್ ತೆಗೆಸು. ಇನ್ನು ಸಾಯುವ ಪಾತ್ರಗಳು. ಎದೆಗೆ ಗುಂಡು ಬಿದ್ದ ಮೇಲೆ ಮೂರು ಚರಣಕ್ಕಿಂತ ಹೆಚ್ಚು ಹಾಡುವವರಿಗೆ ನಮ್ಮ ದುಡ್ಡಲ್ಲ, ಡಾಕ್ಟರ ಶಹಭಾಸ್‌ಗಿರಿ ಸಲ್ಲಬೇಕು. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮರುದಿನದ್ದು: ಪಾತ್ರೆ ತೊಳೆಯುವಾಗ ಹಾಡು ತಾನಾಗಿ ಬಾಯಿಗೆ ಬರಬೇಕು. ಪಾತ್ರೆ ತೊಳೆದು ಮುಗಿದರೂ ಬರಲಿಲ್ಲವೆಂದರೆ, ಮೋಸ ಹೋದೆ ಅಂತಲೇ ಅರ್ಥ.

ಈ ಪ್ರಕಾರ ‘ಬೇಕರಿ ರಾಣಿ’ ಉತ್ತಮ. ‘ಮೂರು ಛತ್ರಿ’ ಪರವಾಗಿಲ್ಲ.

‘ದೀಪಸ್ತಂಭದ ಮಗಳು’ ಟಿಕೆಟ್ ದಂಡ. ಸಮುದ್ರ ಅಂತ ಎರಡು ನೀಲಿ ಹಾಸುಬಟ್ಟೆ ಅಲ್ಲಾಡಿಸುತ್ತಾರೆ, ಅಂಚು ಕೂಡ ಮಡಿಚಿ ಹೊಲಿದಿರಲಿಲ್ಲ. ದೀಪಸ್ತಂಭ ಎಡಕ್ಕೆ ವಾಲುತ್ತದೆ. ನಾವಿಕನಿಗೆ ಹೊಟ್ಟೆ ಬೇರೆ. ಏಳು ವರ್ಷ ಅಲೆದವನಿಗೆ ಅಷ್ಟು ಹೊಟ್ಟೆ ಎಲ್ಲಿಂದ ಬಂತು? ಹೊಗೆ ಬಿಡುತ್ತಾರೆ, ನಿನಗೆ ಕೆಮ್ಮು ಬರುತ್ತದೆ. ಅದರ ಮೊದಲರ್ಧವಂತೂ ಬಹಳ ಉದ್ದ ಎಂದು ಕೇಳಿದ್ದೇನೆ. ಬೇಡ. ಬೇಡವೇ ಬೇಡ.

‘ಬೇಕರಿ ರಾಣಿ’ಗೆ ತೆಗೆಸು.

ಆಶೀರ್ವಾದಗಳೊಡನೆ,
ಅಕ್ಕ


ಫೆಬ್ರವರಿ ೧೬

ಅಕ್ಕಾ,

ನಿನ್ನ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವ ಮೊದಲು ಸ್ಥಳ ಪರಿಶೀಲನೆ ಮಾಡೋಣವೆಂದು ನಿನ್ನೆ ಒಬ್ಬಳೇ ‘ಮೂರು ಛತ್ರಿ’ಗೆ ಹೋಗಿದ್ದೆ. ಮೊದಲರ್ಧವಿರುವ ನಾಟಕ ನೋಡುವುದು ವಿಚಿತ್ರ ಅನುಭವ. ಎಲ್ಲರ ಹೆಸರನ್ನೂ ಮೊದಲೇ ಹೇಳಿಬಿಡುತ್ತಾರೆ!

ನೀನು ಹೇಳಿದ್ದರಲ್ಲಿ ಆ ಛತ್ರಿಗಳನ್ನು ಕುರುಡು ಅಜ್ಜನೊಬ್ಬ ಮೂವರು ಮೊಮ್ಮಕ್ಕಳಿಗೆ ಬಿಟ್ಟುಹೋಗಿದ್ದ, ಒಂದೊಂದರ ಹಿಡಿಯೊಳಗೂ ಒಂದೊಂದು ಗುಟ್ಟಿತ್ತು. ನಿಜವಾದ ಮೊದಲರ್ಧದಲ್ಲಿ ಮಳೆ ಬರುತ್ತದೆ, ಮೂವರು ಒಂದು ಅಂಗಡಿಗೆ ನುಗ್ಗುತ್ತಾರೆ, ಹೊರಡುವಾಗ ಛತ್ರಿ ಅದಲುಬದಲಾಗುತ್ತದೆ. ಮುಗಿಯಿತು. ನಾನು ಅಜ್ಜನಿಗಾಗಿ ಮುಕ್ಕಾಲು ಗಂಟೆ ಕಾದು, ಪಕ್ಕದ ಹೆಂಗಸನ್ನು ಕೇಳಿಯೇಬಿಟ್ಟೆ.

‘ಅಜ್ಜ ಯಾವಾಗ ಬರ್ತಾರೆ?’

‘ಯಾವ ಅಜ್ಜ?’

‘ಕಣ್ಣು ಕಾಣಿಸಲ್ವಲ್ಲ, ಆ ಅಜ್ಜ.’

‘ಅಯ್ಯೋ ಪಾಪ! ನಿಮ್ಮನೆಯವರಾ? ಹೊರಗಡೆ ಕಾವಲುಗಾರನಿಗೆ ಹೇಳಿ, ಹುಡುಕಿಕೊಡ್ತಾನೆ.’

ನಾಟಕ ಬಿಟ್ಟ ಮೇಲೆ ನಮ್ಮ ಹಳೆಯ ದಾರಿಯಲ್ಲೇ ನಡೆದೆ. ಬೀಗದಂಗಡಿ ಈಗಲೂ ಇದೆ. ಅದರ ಮೆಟ್ಟಿಲ ಮೇಲೆ ನಿಂತು ನೀನು ಖಳನಾಯಕನ ದನಿ ತೆಗೆಯುತ್ತಿದ್ದೆ. ಮೂಲೆಯ ಮನೆಯ ಮುದುಕಿ ಕಿಟಕಿ ತೆಗೆದು ‘ನಿಮ್ಮಪ್ಪನಿಗೆ ಹೇಳ್ತೀನಿ’ ಎಂದು ಬೈಯುತ್ತಾ, ಕಥೆ ಮುಗಿಯುವವರೆಗೂ ಕಿಟಕಿ ಮುಚ್ಚುತ್ತಿರಲಿಲ್ಲ. ಆ ಕಿಟಕಿಗೆ ಇಟ್ಟಿಗೆ ಕಟ್ಟಿಬಿಟ್ಟಿದ್ದಾರೆ. ಯಾಕೋ ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಸತ್ಯ ಹೇಳಬೇಕೆಂದರೆ ಆ ಕಂಪನಿಗಳು ನಿನಗೆ ಕೆಲಸ ಕೊಡಬೇಕಿತ್ತು.

ಇನ್ನೊಂದು ಮಾತು. ಮೊದಲ ಎರಡು ನಾಟಕಗಳನ್ನು ನೀನು ಒಂದು ಸಾಲಿನಲ್ಲಿ ಮುಗಿಸಿದ್ದೀಯ. ಮೂರನೆಯದನ್ನು ಐದಾರು ಸಾಲು ಬೈದಿದ್ದೀಯ. ನಾನು ಕಾಗದ ವಿಂಗಡಿಸಿ ಬದುಕಿದವಳು. ಯಾವ ಲಕೋಟೆ ಹೊರಗಿನ ವಿಳಾಸಕ್ಕಿಂತ ಭಾರವಾಗಿದೆಯೆಂದು ಕೈಗೇ ಗೊತ್ತಾಗುತ್ತದೆ. ಏನಕ್ಕಾ ವಿಷಯ?

ಗುಂಡುಸೂಜಿ


ಮಾರ್ಚ್ ೩

ಗುಂಡುಸೂಜಿ,

ವಿಷಯ ಏನೂ ಇಲ್ಲ. ನಿನ್ನ ಭಾವ ಪಕ್ಕದಲ್ಲಿ ಕೂತು ‘ನಿಜ ಹೇಳಿಬಿಡೇ’ ಅನ್ನುತ್ತಿದ್ದಾರೆ. ಯಾವ ನಿಜ ಎಂದು ಕೇಳಬೇಡ. ತಮ್ಮ ಔಷಧಿ ಅಂಗಡಿ ಮುಚ್ಚಿದಾಗಿನಿಂದ ಅವರಿಗೆ ಕೊಡಲು ಬೇರೆ ಮದ್ದಿಲ್ಲ, ಎಲ್ಲರಿಗೂ ನಿಜವನ್ನೇ ಕೊಡುತ್ತಿದ್ದಾರೆ, ದಿನಕ್ಕೆ ಮೂರು ಸಲ.

ಮೊಣಕಾಲು ಸುಧಾರಿಸಿದೆ. ಊಟದ ಮೇಜಿನ ಸುತ್ತ ಹತ್ತು ಸುತ್ತು ನಡೆಯುತ್ತೇನೆ. ನಡೆಯುವಾಗ ‘ಬೇಕರಿ ರಾಣಿ’ಯ ಹಿಟ್ಟು ನಾದುವ ಹಾಡು ಹೇಳಿಕೊಂಡರೆ ಹೆಜ್ಜೆ ಸರಿಯಾಗಿ ಬೀಳುತ್ತದೆ. ಆದ್ದರಿಂದ ವೈದ್ಯಕೀಯ ಕಾರಣಕ್ಕೂ ಅದೇ ಸರಿ.

‘ದೀಪಸ್ತಂಭ’ದ ಮಾತು ಬಿಡು. ಈಗಿನ ನಾವಿಕನಿಗೆ ದನಿಯೇ ಇಲ್ಲವಂತೆ. ಹೇಳಿದವರು ಯಾರೆಂದು ನೆನಪಿಲ್ಲ. ಇಲ್ಲಿ ಮೋಡ ಕವಿದಿದೆ.

ಅಕ್ಕ


ಮಾರ್ಚ್ ೨೪

ಅಕ್ಕಾ,

‘ಬೇಕರಿ ರಾಣಿ’ಯನ್ನೂ ಪರಿಶೀಲಿಸಿ ಬಂದೆ. ಮರುದಿನ ಪಾತ್ರೆ ತೊಳೆಯುವಾಗ ಹಾಡು ಬಾಯಿಗೆ ಬಂತು. ನಿನ್ನ ಪರೀಕ್ಷೆ ಸರಿ, ನಾಟಕ ಚೆನ್ನಾಗಿದೆ.

ಆದರೂ ಟಿಕೆಟ್ ತೆಗೆಸಿದ್ದು ‘ದೀಪಸ್ತಂಭದ ಮಗಳು’ ನಾಟಕಕ್ಕೆ. ಮೇ ೩, ಭಾನುವಾರ, ಎಂಟನೇ ಸಾಲು.

ಟಿಕೆಟ್ ಕಿಟಕಿಯ ಹುಡುಗಿ ‘ಒಂದಾ, ಎರಡಾ?’ ಅಂದಳು.

‘ಎರಡು. ಒಬ್ಬರು ಬರಲ್ಲ ಅಂತ ಹಟ ಹಿಡಿದಿದ್ದಾರೆ.’

‘ಮಕ್ಕಳು ಹಾಗೇ ಅಜ್ಜೀ, ಏನಾದರೂ ಕೊಡಿಸ್ತೀನಿ ಅನ್ನಿ, ಬರ್ತಾರೆ.’

‘ಎಪ್ಪತ್ತೊಂದು ವರ್ಷದ ಮಗು ಕಣಮ್ಮ’ ಅಂದೆ.

ನೀನು ಬರದಿದ್ದರೆ ಪಕ್ಕದ ಕುರ್ಚಿಯ ಮೇಲೆ ನನ್ನ ಕೋಟು ಕೂರುತ್ತದೆ. ಅದನ್ನು ಹೊಲಿದವಳು ನೀನೇ ಆದ್ದರಿಂದ ನಿನ್ನ ಪ್ರತಿನಿಧಿಯಾಗಲು ಅದಕ್ಕೆ ಅರ್ಹತೆ ಇದೆ.

ಗುಂಡುಸೂಜಿ


ಏಪ್ರಿಲ್ ೧೪

ಗುಂಡುಸೂಜಿ,

ಮೂರು ವಾರ ನಿನಗೆ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ಕೊನೆಗೆ ಇದರೊಡನೆ ಇಟ್ಟಿರುವ ಜನವರಿಯ ಕಾಗದವನ್ನೇ ಕಳಿಸುತ್ತಿದ್ದೇನೆ. ಅದಕ್ಕಿಂತ ಚೆನ್ನಾಗಿ ಇನ್ನೊಮ್ಮೆ ಹೇಳಲು ನನಗೆ ಆಗಲಿಲ್ಲ. ನೀನು ಎಂಟನೇ ಸಾಲಿನಲ್ಲಿ ಒಬ್ಬಳೇ ಕೂತು, ಹನ್ನೆರಡು ಜನ ಕುಣಿಯುವಾಗ, ಇದನ್ನು ತಿಳಿಯುವುದು ಬೇಡ.

ಓದಿದ ಮೇಲೆ ನಾನು ಬರಬೇಕೋ ಬೇಡವೋ ನೀನೇ ಬರೆ. ಬೇಡ ಅಂದರೆ ನನಗೆ ಅರ್ಥವಾಗುತ್ತದೆ. ಬಸ್ಸಿನಲ್ಲಿ ಜಾಗ ಹಿಡಿಸಿಟ್ಟಿಲ್ಲ.

ಅಕ್ಕ


ಏಪ್ರಿಲ್ ೧೯

ನನ್ನ ಪೆದ್ದು ಅಕ್ಕಾ,

ಹನ್ನೆರಡು ಜನ ಕುಣಿದರು ಅಂದೆಯಲ್ಲ, ನಿಮ್ಮ ಊರಿನ ಕಂಪನಿ ಶ್ರೀಮಂತರದ್ದಿರಬೇಕು. ನಾನು ನೋಡಿದಾಗ ಎಂಟೇ ಜನ.

ಹೌದು, ನೋಡಿದ್ದೇನೆ. ನನಗೆ ಇಪ್ಪತ್ತಾರು ತುಂಬಿದ ವರ್ಷ ಆ ನಾಟಕ ನಮ್ಮ ಥಿಯೇಟರಿಗೆ ಮತ್ತೆ ಬಂತು. ನನ್ನದೇ ಸಂಬಳದಲ್ಲಿ ಟಿಕೆಟ್ ತೆಗೆಸಿ, ಮೊದಲ ಗಂಟೆಗೇ ಹೋಗಿ ಕೂತೆ. ಅವನು ‘ಬೇಜಾರು, ಬೇಜಾರು’ ಎಂದು ಶುರುಮಾಡಿದಾಗ ನನಗೆ ಎಂಥ ನಗು ಬಂತೆಂದರೆ, ಮುಂದಿನ ಸಾಲಿನವರು ತಿರುಗಿ ‘ಶ್!’ ಅಂದರು. ಅಂಚೆ ಚೀಲವಂತೆ! ಇಷ್ಟು ದೊಡ್ಡ ಸುಳ್ಳನ್ನು ಬೀಗದಂಗಡಿಯಿಂದ ನಮ್ಮ ಮನೆ ಬಾಗಿಲು ಬರುವಷ್ಟರಲ್ಲಿ ಕಟ್ಟಿದವಳು ನನ್ನ ಅಕ್ಕ ಎಂದು ಎದ್ದುನಿಂತು ಎಲ್ಲರಿಗೂ ಹೇಳಬೇಕೆನಿಸಿತು.

ಮೊದಲ ವರ್ಷ ನಿಜವಾಗಿಯೂ ಕಾದೆ. ಕೆಲಸಕ್ಕೆ ಸೇರಿದ್ದೂ ಅದಕ್ಕೇ. ದಿನಾ ಬೆಳಿಗ್ಗೆ ಚೀಲ ಸುರಿದಾಗ ಮೊದಲು ಅವನ ಕೈಬರಹ ಹುಡುಕುತ್ತಿದ್ದೆ. ಅದನ್ನು ತಮಾಷೆಯಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ, ಆದ್ದರಿಂದ ಮುಂದೆ ಹೋಗುತ್ತೇನೆ.

ಎರಡನೇ ವರ್ಷದಿಂದ ನನಗೆ ಆ ಕೋಣೆ ಹಿಡಿಸಿಬಿಟ್ಟಿತು. ಗೋಡೆಯಗಲ ಗೂಡುಗಳು, ಒಂದೊಂದು ಗೂಡಿಗೂ ಒಂದೊಂದು ಬೀದಿ. ಉದ್ದ ಮೇಜಿನ ಸುತ್ತ ಆರು ಜನ ಹೆಂಗಸರು. ನಾನು ಎರಡನೇ ಅರ್ಧದ ಹಾಡು ಹೇಳಿಕೊಟ್ಟೆ, ಅವರು ಹಾಡುತ್ತಾ ಕಟ್ಟು ಕಟ್ಟುತ್ತಿದ್ದರು. ಅಳಿಸಿಹೋದ ವಿಳಾಸ ಓದುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ‘ಹಸಿರು ಬಾಗಿಲಿನ ಮನೆಯ ದೊಡ್ಡಮ್ಮನಿಗೆ’ ಎಂದಷ್ಟೇ ಬರೆದಿದ್ದ ಕಾಗದವನ್ನೂ ಮುಟ್ಟಿಸಿದ್ದೇನೆ. ಇದನ್ನು ಬಿಟ್ಟು ನಾನು ನೋಡಲು ಬಂದ ಆ ಒಂಬತ್ತು ಗಂಡುಗಳಲ್ಲಿ ಯಾರ ಮನೆಗೆ ಹೋಗಲಿ? ಒಬ್ಬ ಬಂದ ತಕ್ಷಣ ‘ಕೆಲಸ ಬಿಡಬೇಕು’ ಅಂದ. ಇನ್ನೊಬ್ಬ ಒಂದು ಗಂಟೆ ತನ್ನ ಹೊಟ್ಟೆಯ ತೊಂದರೆ ಹೇಳಿದ. ‘ಇಷ್ಟವಿಲ್ಲ’ ಅಂದರೆ ಅಮ್ಮನಿಂದ ನೂರು ಮಾತು. ‘ಕಾಯ್ತಿದ್ದೀನಿ’ ಅಂದರೆ ಮನೆಯೆಲ್ಲ ಗಪ್‌ಚುಪ್. ಎಂಥ ಒಳ್ಳೆಯ ಬೀಗ ಮಾಡಿಕೊಟ್ಟಿದ್ದೆ ನೀನು! ಆರೇಳು ವರ್ಷ ಅದನ್ನೇ ಹಾಕಿಕೊಂಡೆ. ಆ ಕ್ಲಾರಿನೆಟ್‌ನವನ ಮುಖ ಅಷ್ಟು ಹೊತ್ತಿಗೆ ನೆನಪೇ ಇರಲಿಲ್ಲ. ಮೂಗಿತ್ತು ಅನ್ನಿಸುತ್ತದೆ.

ನಿನಗೆ ಯಾಕೆ ಹೇಳಲಿಲ್ಲ? ನೀನು ನಾಟಕದ ಮಾತೇ ನಿಲ್ಲಿಸಿ ಮೋಡದ ಬಗ್ಗೆ ಬರೆಯತೊಡಗಿದೆ. ಮದುವೆಯಾಗದೆ ಉಳಿದವಳೆಂದು ನಿನಗೆ ನನ್ನ ಮೇಲೆ ಬೇಸರ ಎಂದುಕೊಂಡೆ. ನಾನೂ ಬಿಸಿಲಿನ ಬಗ್ಗೆ ಬರೆದೆ. ಹೀಗೆ ಇಬ್ಬರೂ ಸೇರಿ ನಲವತ್ತು ವರ್ಷ ಹಾಳುಮಾಡಿದೆವು, ಅಂಚೆ ಇಲಾಖೆಯ ಯಾವ ತಪ್ಪೂ ಇಲ್ಲದೆ.

ಈ ನಾಟಕಕ್ಕೇ ಯಾಕೆ ಟಿಕೆಟ್ ತೆಗೆಸಿದೆ ಎಂದರೆ, ಆ ಬೇಜಾರಿನ ಹಾಡಿಗೆ ಒಬ್ಬಳೇ ನಕ್ಕಿದ್ದೇನೆ. ಅದು ಇಬ್ಬರು ನಗಬೇಕಾದ ಹಾಡು. ಬಸ್ಸಿನಲ್ಲಿ ಜಾಗ ಹಿಡಿಸು.

ನಿನ್ನ
ಗುಂಡುಸೂಜಿ


ಏಪ್ರಿಲ್ ೨೩

ಗುಂಡುಸೂಜಿ,

ನಿನ್ನ ಕಾಗದವನ್ನು ನಿನ್ನ ಭಾವ ಗಟ್ಟಿಯಾಗಿ ಓದಿದರು. ನಾನು ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋದೆ, ಅವರು ಹಿಂದೆಯೇ ಬಂದು ಉಳಿದದ್ದನ್ನೂ ಓದಿದರು. ಆಮೇಲೆ ‘ನಾನು ಹೇಳಿದ ಮದ್ದು ಮೊದಲೇ ತಗೊಂಡಿದ್ರೆ...’ ಎಂದು ಶುರುಮಾಡಿದರು. ಈರುಳ್ಳಿ ಹೆಚ್ಚಲು ಕೊಟ್ಟೆ.

ನನಗೆ ನಿನ್ನ ಮೇಲೆ ಸಿಟ್ಟಿದೆ. ನಾನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಪಾಪವನ್ನು ಒಂದು ಲಕೋಟೆಯಲ್ಲಿ ಬರಿದುಮಾಡಿಬಿಟ್ಟೆ. ಈಗ ಮಧ್ಯಾಹ್ನದ ಹೊತ್ತು ಮಲಗಿಕೊಂಡು ನಾನು ಏನನ್ನು ನೆನೆದು ಕೊರಗಲಿ? ಅಭ್ಯಾಸ ತಪ್ಪಿಹೋಗುತ್ತದೆ.

ನಾಟಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಟಿಕೆಟ್ ದಂಡವೇ. ಅಂಚು ಮಡಿಚದ ಸಮುದ್ರವನ್ನು ನಾನು ಕ್ಷಮಿಸುವುದಿಲ್ಲ.

ಬಸ್ಸಿನಲ್ಲಿ ಜಾಗ ಸಿಕ್ಕಿದೆ. ನಾಟಕ ಮೂರಕ್ಕಾದರೂ ನಾನು ಬೆಳಿಗ್ಗೆ ಹತ್ತಕ್ಕೇ ಇಳಿಯುತ್ತೇನೆ. ಯಾಕೆಂದರೆ ನಿನ್ನ ಕಾಗದದಲ್ಲಿ ಒಂದು ವರ್ಷವನ್ನು ನಾಲ್ಕು ಸಾಲಿನಲ್ಲಿ ಹಾರಿಸಿಕೊಂಡು ಹೋಗಿದ್ದೀಯ. ದಿನಾ ಬೆಳಿಗ್ಗೆ ಚೀಲ ಸುರಿದು, ಸಿಗದೆ, ಆಮೇಲೆ ದಿನವಿಡೀ ಬೇರೆಯವರ ಕಾಗದ ಜೋಡಿಸಿದ ಆ ವರ್ಷ. ಸಂಜೆ ನೀನು ಮನೆಗೆ ಬಂದರೆ ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತಿ ‘ಊಟ ಆಯ್ತಾ?’ ಅಂತ ಮಾತ್ರ ಕೇಳುತ್ತಿದ್ದೆ. ಬೇರೆ ಏನು ಕೇಳಲೂ ಹೆದರಿಕೆ.

ಈಗ ಕೇಳುತ್ತೇನೆ. ತಮಾಷೆ ಮಾಡದೆ ಹೇಳು. ಹೊತ್ತು ಮೀರಿದರೆ ಎಂಟನೇ ಸಾಲಿನಲ್ಲಿ ನಮ್ಮ ಎರಡು ಕುರ್ಚಿ ಖಾಲಿ ಇದ್ದುಕೊಳ್ಳಲಿ.

ಬರುತ್ತಿರುವ,
ಅಕ್ಕ